ಹಳದಿಗೆ ತಿರುಗಿದ ಆರತಿ

ನಾನು ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಮುಚ್ಚಂಡಿಯ ಮರಾಠಿ ಶಾಲೆಯಲ್ಲಿ ಕಲಿತದ್ದರಲ್ಲಿ ಈಗ ನೆನಪಿರುವುದು ಕಡಿಮೆ. ಒಂದು ಮಾತ್ರ ಉಳಿದಿದೆ. ವಿಜ್ಞಾನದ ಮಾಸ್ತರರು ಅರಿಶಿನದ ನೀರಿನಲ್ಲಿ ಕಾಗದ ಅದ್ದಿ, ಒಣಗಿಸಿ, ಪಟ್ಟಿ ಕತ್ತರಿಸಿ ಕೊಟ್ಟಿದ್ದರು. ಸುಣ್ಣದ ತಿಳಿ ಮುಟ್ಟಿಸಿದರೆ ಪಟ್ಟಿ ಕೆಂಪಾಗುತ್ತಿತ್ತು. ಆ ಕೆಂಪಿನ ಮೇಲೆ ಹುಣಸೆಹುಳಿ ಬಿಟ್ಟರೆ ತಿರುಗಿ ಹಳದಿ. ಹುಳಿ ಆಮ್ಲ, ಸುಣ್ಣ ಅದರ ವಿರುದ್ಧದ್ದು, ಕೂಡಿದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ ಎಂದಿದ್ದರು. ನಿಮ್ಮ ಮನೆಯ ಕೆಂಪಾರತಿಯೂ ಇದೇ, ಅರಿಶಿನ ಮತ್ತು ಸುಣ್ಣ, ಬೇರೇನಿಲ್ಲ ಎಂದೂ ಹೇಳಿದ್ದರು.

ಅಕ್ಕನನ್ನು ಬಿಳೂರಿಗೆ ಕೊಟ್ಟರು. ಮದುವೆಯ ಮಾರನೆಯ ದಿನ ಮದುಮಗಳ ಜೊತೆಗೆ ತಂಗಿ ಹೋಗಬೇಕೆಂದು ನನ್ನನ್ನು ಕಳಿಸಿದರು. ಜೀಪು ಊರಬಾಗಿಲಾದ ಅಗಸಿಯ ಹತ್ತಿರ ನಿಂತಿತು. ಮದುಮಕ್ಕಳು ಗುಡಿಗೆ ಹೋಗಿ ನಡೆದು ಬರುವವರಿದ್ದರು. ನಾನು ಸಾಮಾನಿನ ಜೊತೆ ಮೊದಲೇ ಮನೆಗೆ ಬಂದೆ.

ಅಕ್ಕನ ಅತ್ತೆ ನನ್ನ ಕೈಗೆ ಹಿತ್ತಾಳೆ ತಾಟು ಕೊಟ್ಟರು. "ಏ ಹುಡುಗಿ, ಸುಮ್ಮ ಕುಂತೀಯಲ್ಲ, ಇದನ್ನ ಹುಣಸಿಹಣ್ಣ ಹಚ್ಚಿ ಲಗೂನ ತಿಕ್ಕು. ಆರತಿ ತಾಟ ಐತಿ."

ತಿಕ್ಕಿದೆ. ತಾಟು ಚಲೋ ಹೊಳೆಯಿತು. ನೀರಿನ ಡ್ರಮ್ಮು ಹಿತ್ತಿಲಲ್ಲಿತ್ತು, ಸುತ್ತಲೂ ರಾಡಿ. ನಾನು ಅವತ್ತು ಮೊದಲ ಸಲ ರೇಷ್ಮೆ ಸೀರೆ ಉಟ್ಟಿದ್ದೆ. ರಾಡಿಗೆ ಇಳಿಯಲಿಲ್ಲ. ಅಲ್ಲೇ ಬಿದ್ದಿದ್ದ ಅರಿವೆಯಿಂದ ತಾಟು ಒರೆಸಿ ಕೊಟ್ಟೆ. ತಳದಲ್ಲಿ ಹುಳಿಯ ಲೋಳೆ ಉಳಿದಿತ್ತು. ನೋಡಿಯೂ ಕೊಟ್ಟೆ.

ಅತ್ತೆ ಬಟ್ಟಲಲ್ಲಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿದರು. ಕೆಂಪಾಯಿತು. ತಾಟಿಗೆ ಸುರಿದು, ದೀಪ ಇಟ್ಟುಕೊಂಡು ಹೊರಗೆ ಬಂದರು. ಹೊಸ್ತಿಲ ಆಚೆ ಅಕ್ಕ ತಲೆ ಬಗ್ಗಿಸಿ ನಿಂತಿದ್ದಳು. ಒಂದು ಸುತ್ತು ಬೆಳಗುವುದರೊಳಗೆ ನೀರಿನ ಕೆಂಪು ಹೋಗತೊಡಗಿತು. ಅತ್ತೆಯ ಕೈ ನಿಂತಾಗ ತಾಟಿನಲ್ಲಿ ಬರೀ ಹಳದಿ.

ಆಮೇಲೆ ಒಬ್ಬ ಮುದುಕಿ ಬಾಯಲ್ಲಿದ್ದ ಎಲೆ ಅಡಿಕೆ ಒಂದು ದವಡೆಗೆ ಸರಿಸಿಕೊಂಡು ಅಂದಳು, "ಕೆಂಪ ಅಳಸ್ಕೋತ ಬಂದ್ಲಲ್ಲವಾ ಇಕಿ."

"ಸುಮ್ಮನಿರ್ರಿ ಆಯಿ, ಅರಿಶಿಣ ಹಳೇದಿರಬೇಕು," ಎಂದರು ಯಾರೋ.

"ನಿನ್ನ ಲಗ್ನದಾಗ ಹೊಸಾದಿತ್ತೇನು? ಅದೂ ಇದೇ ಡಬ್ಬ್ಯಾಗಿಂದು," ಎಂದಳು ಮುದುಕಿ.

ಕೆಲವರು ನಕ್ಕರು. ಅತ್ತೆ ನಗಲಿಲ್ಲ.

ನನಗೆ ಆ ಕ್ಷಣಕ್ಕೇ ಗೊತ್ತಾಗಿತ್ತು. ಮಾಸ್ತರರ ಕಾಗದದ ಪಟ್ಟಿ ಕಣ್ಣ ಮುಂದಿತ್ತು. ಆ ಮುದುಕಿಯ ಸೊಂಟದ ಚೀಲದಲ್ಲೇ ಸುಣ್ಣದ ಡಬ್ಬಿ ಇತ್ತು. ಇಷ್ಟು ಸುಣ್ಣ ಕದಡಿದ್ದರೆ ನೀರು ಮತ್ತೆ ಕೆಂಪಾಗುತ್ತಿತ್ತು. ತಾಟು ತೊಳೆಯಲಿಲ್ಲ, ತಪ್ಪು ನನ್ನದು ಎಂದರೆ ಸಾಕಿತ್ತು. ಆದರೆ ಜತ್ತದಿಂದ ಬಂದಿದ್ದ ಒಬ್ಬ ಹೆಂಗಸು ಬೆಳಗಿನಿಂದ ನನ್ನನ್ನೇ ನೋಡುತ್ತಿದ್ದಳು. ಅವಳ ಮಗನಿಗೆ ಹೆಣ್ಣು ಹುಡುಕುತ್ತಿದ್ದಾರೆ ಎಂದು ಅವ್ವ ಮೊದಲೇ ನನ್ನ ಕಿವಿಗೆ ಹಾಕಿದ್ದಳು. ಒಂದು ತಾಟು ತೊಳೆಯಲು ಬಾರದವಳು ಎನಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಸುಮ್ಮನೆ ನಿಂತೆ. ಮುಂದೆ ಆ ಜತ್ತದ ಹೆಂಗಸಿನ ಮನೆಗೇ ನಾನು ಸೊಸೆಯಾದೆ.

ಅಕ್ಕನನ್ನು ಯಾರೂ ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಮೊದಲ ಬಸಿರು ನಿಲ್ಲದಾಗ ಅತ್ತೆ ಆ ಆರತಿಯ ಮಾತು ತೆಗೆದರಂತೆ. ಆಮೇಲೆ ಮಗ ಹುಟ್ಟಿದ. ಆದರೂ ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಮದುವೆ ಏನೇ ಇರಲಿ, ಆರತಿಯ ಹೊತ್ತಿಗೆ ಅಕ್ಕನಿಗೆ ಒಳಗೆ ಏನಾದರೂ ಕೆಲಸ ಹುಟ್ಟುತ್ತಿತ್ತು. ಬರಬರುತ್ತ ಯಾರೂ ಹೇಳಬೇಕಾಗಲಿಲ್ಲ. ತಾನೇ ಎದ್ದು ಹೋಗುತ್ತಿದ್ದಳು. ಬೆಳಗಲು ನನ್ನನ್ನು ಕರೆಯುತ್ತಿದ್ದರು. ನಾನು ಬೆಳಗುತ್ತಿದ್ದೆ.

ನನ್ನ ಮಗಳು ಈಗ ಹತ್ತನೆಯ ಇಯತ್ತೆ. ಅವಳ ಪುಸ್ತಕದಲ್ಲಿ ಸೊನ್ನೆಯಿಂದ ಹದಿನಾಲ್ಕರವರೆಗೆ ಒಂದು ಬಣ್ಣದ ಪಟ್ಟಿ ಇದೆ. ಪಿಎಚ್ ಅನ್ನುತ್ತಾರೆ. ಲಿಂಬೆ, ಹುಣಸೆ ಕೆಳಗೆ, ಸುಣ್ಣದ ನೀರು ಹನ್ನೆರಡರ ಮೇಲೆ, ಬರೀ ನೀರು ನಡುವೆ ಏಳರಲ್ಲಿ. "ಏಳು ಅಂದ್ರ ಈ ಕಡಿನೂ ಇಲ್ಲ, ಆ ಕಡಿನೂ ಇಲ್ಲ, ಮಮ್ಮಿ," ಎಂದು ವಿವರಿಸಿದಳು. ನಾನು ಹೂಂ ಅಂದೆ. ಇಷ್ಟು ವರ್ಷ ನಾನು ಇದ್ದದ್ದು ಅಲ್ಲೇ ಎನಿಸಿತು. ಅಳು ಬರಲಿಲ್ಲ. ರೊಟ್ಟಿ ಬಡಿಯುವುದಿತ್ತು.

ಹೋದ ಬೇಸಿಗೆಯಲ್ಲಿ ಅಕ್ಕನ ಮಗನ ಮದುವೆಯಾಯಿತು. ಅವಳ ಅತ್ತೆ ತೀರಿಹೋಗಿ ಬಹಳ ದಿನವಾಗಿತ್ತು. ಸೊಸೆ ಅಗಸಿಗೆ ಬಂದಳೆಂದು ಸುದ್ದಿ ಬಂದಾಗ ಅಕ್ಕ ಅಡುಗೆಮನೆಯಲ್ಲಿ ಅದೇ ತಾಟನ್ನು ನನ್ನ ಮುಂದೆ ಇಟ್ಟಳು.

"ನೀ ಬೆಳಗು. ನಾ ಇಲ್ಲೇ ಇರ್ತೀನಿ."

"ಅಕ್ಕಾ, ಅವತ್ತ ಈ ತಾಟ ನಾ ತೊಳದಿದ್ದಿಲ್ಲ," ಅಂದೆ. "ಹುಣಸಿ ಹಂಗೇ ಇತ್ತು. ಅದಕ್ಕ ಹಳದಿ ಆತು. ನಿಂದೇನೂ ಇದ್ದಿಲ್ಲ. ನನಗ ಅವತ್ತೇ ಗೊತ್ತಿತ್ತು."

ಅಕ್ಕ ನನ್ನ ಮುಖ ನೋಡಿದಳು. ಬೈಯಲಿಲ್ಲ. ಹೊರಗೆ ಹಲಗೆ ಬಾರಿಸುವ ಸದ್ದು ಹತ್ತಿರ ಬರುತ್ತಿತ್ತು.

"ಅತ್ತಿ ಇದ್ದಾಗ ಹೇಳಬೇಕಿತ್ತು ನೀ," ಅಂದಳು.

"ಈಗ ನೀನ ಬಾ. ನೀನ ಬೆಳಗು."

"ಈಗ ನಾ ಹೋದ್ರ ಮಂದಿ ತಾಟ ನೋಡಂಗಿಲ್ಲ, ನನ್ನ ನೋಡ್ತಾರ. ಆ ಹುಡುಗಿ ಮ್ಯಾಲ ಯಾಕ ಆ ಮಾತು ಬರಬೇಕು?"

ನನ್ನ ಮುಂದಿದ್ದ ತಾಟನ್ನು ಎತ್ತಿಕೊಂಡು ನಳದ ಕೆಳಗೆ ಹಿಡಿದಳು. ಬೆರಳಿಂದ ಅಂಚನ್ನೆಲ್ಲ ಉಜ್ಜಿದಳು, ಮತ್ತೆ ತೊಳೆದಳು, ಸೆರಗಿನಿಂದ ಒರೆಸಿದಳು. ಅರಿಶಿನದ ನೀರಿಗೆ ಸುಣ್ಣವನ್ನೂ ತಾನೇ ಕದಡಿದಳು, ನಾನು ಹಾಕುವುದಕ್ಕಿಂತ ಹೆಚ್ಚು. ಕಡು ಕೆಂಪಾಯಿತು. ನನ್ನ ಕೈಗೆ ಕೊಟ್ಟಳು.

ನಾನು ಬೆಳಗಿದೆ. ಕೊನೆಯವರೆಗೂ ನೀರು ಕೆಂಪಾಗೇ ಇತ್ತು. ಹೆಂಗಸರು ಚಲೋ ಆತು ಅಂದರು. ಒಳಗೆ ಅಕ್ಕ ನಳ ಬಂದ್ ಮಾಡಿರಲಿಲ್ಲ, ನೀರಿನ ಸದ್ದು ಕೇಳುತ್ತಿತ್ತು.