ನಲವತ್ಮೂರನೇ ಮನೆಯ ಬಾಗಿಲು

ಬೆಳಗಿನ ಐದೂಕಾಲು. ಹುಣಸೂರು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕೆಳಗೆ ಮೊದಲ ಬಸ್ಸು ಮಂಜಿನಲ್ಲಿ ಗುರುಗುಡುತ್ತಾ ನಿಂತಿದೆ. ಮೇಲೆ ರೂಪಶ್ರೀ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಸ್ವೆಟರಿನ ತೋಳನ್ನು ಮೊಣಕೈವರೆಗೆ ಏರಿಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕರೆಂಟು ಯಾವಾಗ ಕೈಕೊಡುತ್ತದೋ ಹೇಳಲಾಗದು, ಏಳು ಗಂಟೆಯೊಳಗೆ ಕಡತ ಹೊರಬರಬೇಕು. ಒಂದು ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ ಮನೆಗಳು ಒಂದೊಂದಾಗಿ ತೆರೆದುಕೊಳ್ಳತೊಡಗುತ್ತವೆ.

ರೂಪಶ್ರೀಗೆ ಮೂವತ್ತಾರು ವರ್ಷ. ಊರು ಗುರುಪುರ. ಡಿಪ್ಲೊಮಾ ಮುಗಿಸಿ ಕೆ.ಆರ್. ನಗರದ ಕಂಪ್ಯೂಟರ್ ಸೆಂಟರೊಂದರಲ್ಲಿ ಆರು ವರ್ಷ ಪಾಠ ಹೇಳಿಕೊಟ್ಟು, ಈಗ ಒಂಬತ್ತು ವರ್ಷದಿಂದ ಇಲ್ಲಿದ್ದಾರೆ. ಕಾಡಿನಿಂದ ಹೊರಬಂದು ಕಾಡಿನ ಅಂಚಿನಲ್ಲಿ ನೆಲೆಯಾದ ಕುಟುಂಬಗಳ ವಂಶಾವಳಿ ಸಿದ್ಧಪಡಿಸುವ ಸಣ್ಣ ಸಂಸ್ಥೆ ಇದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೇರಿ ಇಂಥವರ ಪುಟ್ಟ ವಸತಿಗಳಾದ ಹಾಡಿಗಳು ಅರವತ್ತೊಂದು, ಎರಡು ಸಾವಿರದ ಒಂಬೈನೂರ ಹದಿನಾಲ್ಕು ಮನೆಗಳು. ಇಷ್ಟೂ ಜನ ದಿನಕ್ಕೊಮ್ಮೆಯಾದರೂ ಈಕೆಯ ಕಣ್ಣೆದುರು ಹಾದುಹೋಗುತ್ತಾರೆ, ಆದರೆ ಅವರಲ್ಲಿ ಹೆಚ್ಚಿನವರಿಗೆ ಹೀಗೊಬ್ಬ ಹೆಂಗಸು ಇರುವುದೇ ಗೊತ್ತಿಲ್ಲ.

ಕೆಲಸ ಏನೆಂದು ಕೇಳಿದರೆ ಅವರು ಟೇಬಲ್ಲಿನ ಮೇಲಿದ್ದ ಮೂರು ನೋಟ್‌ಬುಕ್ಕುಗಳನ್ನು ಪಕ್ಕಪಕ್ಕ ಇಡುತ್ತಾರೆ. ಒಂದರಲ್ಲಿ ಬರೀ ಹಾಡಿಗಳು, ಇನ್ನೊಂದರಲ್ಲಿ ಬರೀ ಮನೆಗಳು, ಮತ್ತೊಂದರಲ್ಲಿ ಬರೀ ಜನ. ಎಲ್ಲರಿಗೂ ಒಂದೊಂದು ನಂಬರು. ಮನೆಯ ಸಾಲಿನಲ್ಲಿ ಅದರ ಹಾಡಿಯ ನಂಬರು ಇರುತ್ತದೆ, ಮಗುವಿನ ಸಾಲಿನಲ್ಲಿ ಹೆತ್ತವರ ನಂಬರು. ಡೇಟಾಬೇಸ್ ಎಂದರೆ ಇಷ್ಟೇ. ಎಲ್ಲ ಚಪ್ಪಟೆ, ಯಾರೂ ಯಾರ ತೊಡೆಯ ಮೇಲೂ ಕೂತಿಲ್ಲ. ಮೇಲಿನ ಕಚೇರಿಗೆ ಬೇಕಾದದ್ದು ಎಕ್ಸ್‌ಎಂಎಲ್ ಕಡತ. ಅದರಲ್ಲಿ ಹಾಡಿಯೊಳಗೆ ಮನೆ, ಮನೆಯೊಳಗೆ ಹಿರಿಯರು, ಹಿರಿಯರೊಳಗೆ ಮಕ್ಕಳು, ಮಕ್ಕಳೊಳಗೆ ಮೊಮ್ಮಕ್ಕಳು. ಚಪ್ಪಟೆ ಸಾಲುಗಳನ್ನು ಕ್ವೆರಿ ಎಂಬ ಪ್ರಶ್ನೆ ಹಾಕಿ ಎಬ್ಬಿಸಿ, ಒಬ್ಬರೊಳಗೊಬ್ಬರನ್ನು ಕೂರಿಸುವುದು ರೂಪಶ್ರೀಯ ಉದ್ಯೋಗ.

"ಒಂದೊಂದ್ ಹೆಸ್ರಿಗೂ ಒಂದು ತೆರೆಯೋ ಬಾಗ್ಲು, ಒಂದು ಮುಚ್ಚೋ ಬಾಗ್ಲು ಇರ್ತದೆ ಕಣ್ರೀ. ಅಜ್ಜಿ ಬಾಗ್ಲು ತೆಗೀತೀನಿ, ಒಳಗೆ ಮಗಂದು, ಅದ್ರೊಳಗೆ ಮೊಮ್ಮಗೂದು. ಮುಚ್ಚುವಾಗ ಮೊದ್ಲು ಮೊಮ್ಮಗೂದು, ಕೊನೇಗೆ ಅಜ್ಜೀದು. ಒಂದ್ ಬಾಗ್ಲು ಮುಚ್ಚದೆ ಉಳಿದ್ರೂ ಇಡೀ ಕಡತನೇ ವಾಪಸ್ಸು."

ಒಂಬತ್ತು ವರ್ಷದಲ್ಲಿ ಮುಚ್ಚದೇ ಉಳಿದ ಬಾಗಿಲು ಒಂದೇ. ಅದರ ಸುದ್ದಿ ಎತ್ತಿದರೆ ರೂಪಶ್ರೀ ಮೊದಲು ಕಿಟಕಿ ಮುಚ್ಚುತ್ತಾರೆ. ಚಳಿಗೆ ಇರಬೇಕು ಎಂದುಕೊಳ್ಳೋಣ.

ಕಳೆದ ಜನವರಿಯ ಮಾತು. ಎಚ್.ಡಿ. ಕೋಟೆ ಕಡೆಯ ಒಂದು ಹಾಡಿಯ ಪಟ್ಟಿ ಶುಕ್ರವಾರ ಹೋಗಬೇಕಿದೆ. ಆ ಪಟ್ಟಿಯಲ್ಲಿದ್ದವರಿಗಷ್ಟೇ ಹಳೆಯ ನೆಲದ ಹಕ್ಕಿನ ಅರ್ಜಿ, ಶುಕ್ರವಾರದ ನಂತರ ಪಟ್ಟಿ ಬಂದ್. ಸೋಮವಾರ ಬೆಳಗ್ಗೆ ಕಡತ ತೆರೆದು ನೋಡಿದರೆ ನಲವತ್ತೆರಡು ಮನೆಗಳಲ್ಲಿ ಜನ ತುಂಬಿದ್ದಾರೆ. ನಲವತ್ಮೂರನೆಯದರ ಬಾಗಿಲು ತೆರೆದಿದೆ, ಮುಚ್ಚಿದೆ, ನಡುವೆ ಯಾರೂ ಇಲ್ಲ. ಆದರೆ ಜನರ ಪಟ್ಟಿಯಲ್ಲಿ ಅದೇ ಮನೆಯವರು ಇದ್ದಾರೆ. ಜೋಗಯ್ಯ, ಹೆಂಡತಿ ರಾಮಮ್ಮ, ಮತ್ತೆ ಬೆಳ್ಳಮ್ಮ.

ರೂಪಶ್ರೀಯ ಪ್ರಶ್ನೆ ಪ್ರತಿ ಮನೆಯಲ್ಲೂ ಹೆತ್ತವರ ನಂಬರು ಇಲ್ಲದವರನ್ನು, ಅಂದರೆ ಎಲ್ಲರಿಗಿಂತ ಮೇಲಿನ ಹಿರಿಯರನ್ನು, ಹುಡುಕಿಕೊಂಡು ಅಲ್ಲಿಂದ ಕೆಳಗಿಳಿಯುತ್ತದೆ. ಮದುವೆಯಾಗಿ ಬಂದವರು ಗಂಡನ ಜೊತೆಗೇ ಬರುತ್ತಾರೆ, ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಮನೆಯಲ್ಲಿ ಮೇಲಿನವರೇ ಸಿಕ್ಕಿಲ್ಲ. ಸರಿ, ಜೋಗಯ್ಯನಿಂದಲೇ ಶುರುಮಾಡು ಎಂದು ಆಜ್ಞೆ ಬದಲಿಸಿ ಗುಂಡಿ ಒತ್ತುತ್ತಾರೆ.

ಕಡತ ಮುಗಿಯುವುದೇ ಇಲ್ಲ. ಎರಡು ಸೆಕೆಂಡಿನ ಕೆಲಸ ಹತ್ತು ನಿಮಿಷವಾದರೂ ನಡೆದೇ ಇದೆ. ಕಂಪ್ಯೂಟರಿನ ಫ್ಯಾನು ಏದುಸಿರು ಬಿಡುತ್ತಿದೆ. ನಿಲ್ಲಿಸಿ ತೆರೆದು ನೋಡಿದರೆ ಜೋಗಯ್ಯ, ಅವನೊಳಗೆ ಬೆಳ್ಳಮ್ಮ, ಅವಳೊಳಗೆ ಜೋಗಯ್ಯ, ಅವನೊಳಗೆ ಮತ್ತೆ ಬೆಳ್ಳಮ್ಮ. ಪ್ರತಿ ಹೆಸರೂ ಹಿಂದಿನದಕ್ಕಿಂತ ಒಂದಿಷ್ಟು ಬಲಕ್ಕೆ ಸರಿಯುತ್ತಾ, ಪರದೆಯ ಅಂಚು ದಾಟಿ ಹೋಗುತ್ತಲೇ ಇದೆ. ಲಕ್ಷಗಟ್ಟಲೆ ಬಾಗಿಲುಗಳು ತೆರೆದಿವೆ. ಮುಚ್ಚಿದ ಬಾಗಿಲು ಒಂದೂ ಇಲ್ಲ.

"ಬಲಕ್ಕೆ ಜರುಗಿಸ್ತಾನೇ ಹೋದೆ. ಎಲ್ಲೋ ಒಂದ್ಕಡೆ ಮುಗೀತದೆ ಅಂತ. ಕೊನೇಗೆ, ಯಾರೋ ಕರ್ಕೊಂಡೋಗ್ತಾವ್ರೆ ಅನ್ನಿಸ್ಬುಡ್ತು. ಕೈ ತೆಗೆದ್ಬುಟ್ಟೆ," ಎನ್ನುತ್ತಾರೆ ಅವರು.

ಕಾರಣ ಹುಡುಕುವುದೇನೂ ಕಷ್ಟವಾಗಲಿಲ್ಲ. ಸಮೀಕ್ಷೆಯ ಹಾಳೆಯಲ್ಲಿ ಜೋಗಯ್ಯನ ತಾಯಿ ಬೆಳ್ಳಮ್ಮ, ಇದ್ದಾರೆ. ಮಗಳು ಬೆಳ್ಳಮ್ಮ, ಇದ್ದಾಳೆ. ವಯಸ್ಸಿನ ಜಾಗ ಎರಡಕ್ಕೂ ಖಾಲಿ. ಒಂದೇ ಮನೆ, ಒಂದೇ ಹೆಸರು ಎಂದು ಕಂಪ್ಯೂಟರು ಇಬ್ಬರಿಗೂ ಒಂದೇ ನಂಬರು ಕೊಟ್ಟುಬಿಟ್ಟಿದೆ. ತಾಯಿ ಮಗನನ್ನು ಹೆತ್ತು, ಆ ಮಗನಿಗೇ ಮಗಳಾಗಿ ಹುಟ್ಟಿದ್ದಾಳೆ.

ಮೇಲ್ವಿಚಾರಕ ಕಾಂತರಾಜು ಅವರಿಗೆ ತೋರಿಸಿದರೆ ಅವರದು ಒಂದೇ ಮಾತು. "ಆ ಮನೆ ತೆಗೆದ್ಬುಡಿ ರೂಪಶ್ರೀ. ಒಂದ್ ಮನೆಗೋಸ್ಕರ ನಲವತ್ತೆರಡು ಮನೆ ನಿಲ್ಸಕ್ಕಾಗ್ತದಾ?" ಲೆಕ್ಕ ಸರಿಯಾಗಿಯೇ ಇದೆ. ಆದರೆ ತೆಗೆದುಬಿಟ್ಟರೆ ಜೋಗಯ್ಯನ ಅರ್ಜಿ ಹುಟ್ಟುವ ಮೊದಲೇ ಸತ್ತಹಾಗೆ. ರೂಪಶ್ರೀ ಗುರುವಾರ ರಜೆ ಹಾಕಿ ಎಚ್.ಡಿ. ಕೋಟೆ ಬಸ್ಸು ಹತ್ತುತ್ತಾರೆ. ಅಜ್ಜಿಯ ಹೆಸರು ಮೊಮ್ಮಗುವಿಗೆ ಬಂದಿದೆಯೆಂದರೆ ಅಜ್ಜಿ ಹೋಗಿರಲೇಬೇಕು, ಹಾಳೆಯಲ್ಲಿ ‘ಇದ್ದಾರೆ’ ಎಂದಿರುವುದು ಬರೆದವರ ತಪ್ಪು. ಬೇಕಾದದ್ದು ಸಣ್ಣ ವಿಷಯ. ಮುದುಕಿ ಸತ್ತ ತಾರೀಕು ಸಿಕ್ಕರೆ ಸಾಕು, ಇಬ್ಬರೂ ಬೇರೆಯಾಗುತ್ತಾರೆ.

ಹಾಡಿಯಲ್ಲಿ ಜೋಗಯ್ಯ ಮನೆಯ ಮುಂದೆ ಕತ್ತಿ ಮಸೆಯುತ್ತಾ ಕೂತಿದ್ದಾನೆ. ನಲವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ರಾಮಮ್ಮ ಚಾಪೆ ಹಾಸುತ್ತಾಳೆ. ಹೊಸಿಲ ಮೇಲೆ ಮೂರು ವರ್ಷದ ಹುಡುಗಿಯೊಂದು ಒಂದು ಕಾಲು ಚಾಚಿ, ಇನ್ನೊಂದು ಮಂಡಿಯ ಮೇಲೆ ಕೈ ಊರಿ, ದಣಿದ ಹೆಂಗಸಿನ ಹಾಗೆ ಕೂತಿದೆ. "ಅವ್ವ, ಜರಗು," ಎನ್ನುತ್ತಾನೆ ಜೋಗಯ್ಯ. ಹುಡುಗಿ ಜರುಗುತ್ತದೆ.

"ನಿಮ್ಮ ತಾಯಿ ಯಾವಾಗ ತೀರಿಕೊಂಡ್ರು?" ರೂಪಶ್ರೀ ಕೇಳುತ್ತಾರೆ.

ಕತ್ತಿ ನಿಲ್ಲುತ್ತದೆ. ರಾಮಮ್ಮ ಸರಕ್ಕನೆ ಬಂದು ಮಗುವಿನ ಎರಡೂ ಕಿವಿ ಮುಚ್ಚುತ್ತಾಳೆ.

"ಅಂಗನ್ಬಾರ್ದು ಕಣವ್ವ. ಅವ್ಳ್ ಎಸ್ರ ಮಗೀಗೆ ಇಕ್ಕುದ್ ಮ್ಯಾಕೆ ಅವ್ಳು ಓದ್ಲು ಅಂತ ನಮ್ಮ ಮನೇಲಿ ಯಾರೂ ಅನ್ನಕಿಲ್ಲ," ಎನ್ನುತ್ತಾನೆ ಜೋಗಯ್ಯ. "ಅಂದ್ರೆ ಬಂದಿರೋಳು ವಾಪಸ್ ಒಂಟೋಯ್ತಾಳೆ. ಸರ್ವೆಯೋರೂ ಕೇಳುದ್ರು, ನಿಮ್ಮವ್ವ ಬದ್ಕವ್ಳಾ ಅಂತ. ಒಳ್ಗೆ ಮಲ್ಗವ್ಳೆ ಅಂದೆ. ಸುಳ್ಳೇಳ್ನಿಲ್ಲ."

ಸಮೀಕ್ಷೆಯ ಹೊತ್ತಿಗೆ ತೊಟ್ಟಿಲಲ್ಲಿ ಮಲಗಿದ್ದವಳು ಈಗ ಹೊಸಿಲ ಮೇಲೆ ಕೂತು ರೂಪಶ್ರೀಯನ್ನೇ ನೋಡುತ್ತಿದ್ದಾಳೆ. ನಾಳೆ ಪಟ್ಟಿ ಮುಚ್ಚುತ್ತದೆ, ನಿಮ್ಮ ಮನೆಯೇ ಇರುವುದಿಲ್ಲ ಎಂದು ರೂಪಶ್ರೀ ಬಿಡಿಸಿ ಹೇಳುತ್ತಾರೆ. ಜೋಗಯ್ಯ ಅಡ್ಡಡ್ಡ ತಲೆ ಆಡಿಸುತ್ತಾನೆ. "ನೆಲ ಓದ್ರೆ ಓಯ್ತದೆ. ಮಗೀ ಬೇಕು ನಂಗೆ."

ಅಲ್ಲಿ ಕೂತಾಗಲೇ ರೂಪಶ್ರೀಗೆ ಮೇಲಿನ ಕಚೇರಿಯ ನಿಯಮಪಟ್ಟಿ ನೆನಪಾಗುತ್ತದೆ. ಮನೆಯ ಮೂಲದಲ್ಲಿರುವ ಹಿರಿಯರಿಗೆ ಹೆಸರು, ಹುಟ್ಟಿದ ವರ್ಷ ಎರಡಿದ್ದರೆ ಸಾಕು. ಸತ್ತ ತಾರೀಕಿನ ಜಾಗ ಖಾಲಿ ಬಿಡಬಹುದು. ಹುಟ್ಟಿದ ವರ್ಷ ಬೇರೆಯಾದರೆ ನಂಬರೂ ಬೇರೆ. ಸಾವಿನ ಮಾತೇ ಎತ್ತಬೇಕಿಲ್ಲ.

"ಹೋಗ್ಲಿ, ಅವ್ರು ಹುಟ್ಟಿದ್ ಯಾವಾಗ? ಅದನ್ನ ಹೇಳ್ಬೋದಾ?"

"ಅದ್ಕೇನಂತೆ," ಎಂದ ಜೋಗಯ್ಯ ಯೋಚಿಸಿ ಸೋಲುತ್ತಾನೆ. ಆಮೇಲೆ ಪಕ್ಕದ ಮನೆಯವರನ್ನು ಕೇಳುವಷ್ಟೇ ಸಲೀಸಾಗಿ ಹೊಸಿಲ ಕಡೆ ತಿರುಗುತ್ತಾನೆ. "ಅವ್ವ, ನೀ ಉಟ್ಟಿದ್ ಯಾವಾಗ್ಲವ್ವ?"

ಮಗು ಮಂಡಿ ಉಜ್ಜಿಕೊಳ್ಳುತ್ತದೆ. "ಆನೇನೆಲ್ಲ ಒಳೆಗ್ ಓಡ್ಸುದ್ರಲ್ಲ, ಆವಾಗ."

ಕಾಡಾನೆಗಳನ್ನು ಹೊಳೆಗೆ ಅಟ್ಟಿ ಹಿಡಿಯುವ ಖೆಡ್ಡಾ ನಿಂತು ಐದು ದಶಕ ದಾಟಿದೆ. ಮಗುವಿನ ಅಪ್ಪನೂ ಅದನ್ನು ಕಂಡವನಲ್ಲ. ರೂಪಶ್ರೀ ಪೆನ್ನಿಗೆ ಮುಚ್ಚಳ ಹಾಕುತ್ತಾರೆ. "ಯಾರೋ ಮಾತಾಡಿದ್ದು ಕೇಳಿಸ್ಕೊಂಡಿರ್ತದೆ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಹಾಡಿಯ ಹಿರಿಯ ದೇವಯ್ಯನನ್ನು ಹುಡುಕಿಕೊಂಡು ಹೋಗಿ, ಜೋಗಯ್ಯನ ತಾಯಿ ಹುಟ್ಟಿದ್ದು ಯಾವ ಕಾಲ ಎಂದು ಕೇಳುತ್ತಾರೆ. ಮಗು ಅಂದದ್ದನ್ನು ಹೇಳುವುದಿಲ್ಲ. ಮುದುಕ ಎರಡು ಸಲ ಕೆಮ್ಮಿ, "ಖೆಡ್ಡಾ ಆದ್ ವರ್ಸ," ಎನ್ನುತ್ತಾನೆ. ಅದು ಯಾವ ಖೆಡ್ಡಾ ಎಂದು ಬೆರಳು ಮಡಿಸಿ ಮಡಿಸಿ, ಕೊನೆಗೆ ಒಂದು ವರ್ಷವನ್ನೂ ಕೊಡುತ್ತಾನೆ.

ಶುಕ್ರವಾರ ಬೆಳಗ್ಗೆ ಐದೂಕಾಲಿಗೆ ಗುಂಡಿ ಒತ್ತಿದಾಗ ರೂಪಶ್ರೀ ಕಣ್ಣು ಮುಚ್ಚಿಕೊಂಡಿದ್ದರಂತೆ. ಎರಡು ಸೆಕೆಂಡು. ನಲವತ್ಮೂರನೇ ಮನೆ ತೆರೆದು ಬೆಳ್ಳಮ್ಮ, ಅವಳೊಳಗೆ ಜೋಗಯ್ಯ ಮತ್ತು ಅವನ ಜೊತೆಗೆ ರಾಮಮ್ಮ, ಅವರೊಳಗೆ ಬೆಳ್ಳಮ್ಮ. ಆಮೇಲೆ ಬಾಗಿಲುಗಳು ಒಳಗಿನಿಂದ ಒಂದೊಂದಾಗಿ ಮುಚ್ಚಿಕೊಂಡಿವೆ. ಕಡತ ಹೋಯಿತು, ಪಟ್ಟಿ ಒಪ್ಪಿಗೆಯಾಯಿತು. ಕಾಂತರಾಜು ಇಡ್ಲಿ ತರಿಸಿದರು.

ಕಥೆ ಅಲ್ಲಿಗೇ ಮುಗಿದಿದ್ದರೆ ರೂಪಶ್ರೀ ಕಿಟಕಿ ಮುಚ್ಚುತ್ತಿರಲಿಲ್ಲ.

ಪಟ್ಟಿಯಲ್ಲಿದ್ದವರನ್ನು ಮನೆಮನೆಗೆ ಹೋಗಿ ನೋಡಿ ಗುರುತು ಹಾಕುವುದು ಕ್ಷೇತ್ರ ಪರಿಶೀಲಕ ಬೆಟ್ಟಸ್ವಾಮಿಯವರ ಕೆಲಸ. ಅವರಿಗೂ ಜೋಗಯ್ಯನ ಮನೆಗೂ ಮೊದಲು ಪರಿಚಯವಿಲ್ಲ. ಮಾರ್ಚಿನಲ್ಲಿ ಅವರ ಹಾಳೆಗಳು ಬರುತ್ತವೆ. ನಲವತ್ಮೂರನೇ ಮನೆಯ ನಾಲ್ಕು ಹೆಸರಿನ ಮುಂದೆಯೂ ‘ಖುದ್ದು ಕಂಡಿದೆ’ ಎಂಬ ಗುರುತು. ಮೂಲದ ಹಿರಿಯರಿಗೆ ಗುರುತು ಬೇಕಿರಲಿಲ್ಲ, ಅಭ್ಯಾಸಬಲದಿಂದ ಹಾಕಿದ್ದಾರೆ ಎಂದುಕೊಂಡು ರೂಪಶ್ರೀ ಫೋನ್ ಮಾಡುತ್ತಾರೆ.

"ಇಲ್ಲ ಕಣ್ರೀ, ನಾಕು ಜನಾನೂ ನೋಡ್ದೆ," ಎನ್ನುತ್ತಾರೆ ಬೆಟ್ಟಸ್ವಾಮಿ. "ಗಂಡ ಹೆಂಡ್ತಿ ಅಂಗಳದಲ್ಲಿದ್ರು. ಮಗು ಒಳಗೆ ಮಲಗಿತ್ತು. ಮುದುಕಿ ಹೊಸಿಲ ಮೇಲೆ ಕಾಲು ಚಾಚ್ಕೊಂಡು ಕೂತಿತ್ತು. ನನ್ನೇ ಯಾವೂರು ಅಂತ ಕೇಳ್ತು."

ರೂಪಶ್ರೀ ಫೋನ್ ಇಟ್ಟರು. ಮತ್ತೆ ಆ ಹಾಡಿಗೆ ಹೋಗಿಲ್ಲ. ಬಿಸಿಲಿಗೆ ಬೆಟ್ಟಸ್ವಾಮಿಯವರ ಕಣ್ಣು ಮಂಜಾಗಿರಬೇಕು ಎಂದು ಕಾಂತರಾಜು ನಗುತ್ತಾರೆ. ರೂಪಶ್ರೀ ನಗುವುದಿಲ್ಲ, ವಾದಕ್ಕೂ ಇಳಿಯುವುದಿಲ್ಲ. "ಬಾಗ್ಲು ಎಲ್ಲಾ ಮುಚ್ಚವೆ. ಯಾರು ಒಳಗವ್ರೆ ಅಂತ ಇಣುಕೋದು ನನ್ನ ಕೆಲ್ಸ ಅಲ್ಲ," ಎನ್ನುತ್ತಾರೆ. ಹೆಮ್ಮೆ ಇದ್ದರೆ ಅಷ್ಟರಲ್ಲೇ ಇದೆ.

ಏಳಾಗುತ್ತಾ ಬಂದಿದೆ. ಇವತ್ತಿನ ಕಡತ ಹೊರಟಿದೆ. ತಿಂಡಿ ಡಬ್ಬಿ ತೆಗೆಯಲು ಚೀಲಕ್ಕೆ ಕೈ ಹಾಕಿದಾಗ ನಾಲ್ಕಾಗಿ ಮಡಿಸಿದ ಅರ್ಜಿಯೊಂದು ಜೊತೆಗೆ ಬರುತ್ತದೆ. ಅವರ ತಾಯಿ ಜಯಲಕ್ಷ್ಮಮ್ಮ ತೀರಿಕೊಂಡು ಎರಡು ವರ್ಷ. ರೇಷನ್ ಕಾರ್ಡಿನಿಂದ ಅವರ ಹೆಸರು ತೆಗೆಸುವ ಅರ್ಜಿ ಅದು. ಊರಿನವರ ವಂಶವನ್ನೆಲ್ಲ ಜೋಡಿಸುವ ಕೈಗೆ ಇದೊಂದು ಸಹಿ ಬಂದಿಲ್ಲ. ಬರೆಯಲು ಕೂತಾಗಲೆಲ್ಲ ಅಳು ಬರುತ್ತಿತ್ತು ಎಂದು ಅವರೇ ಹೇಳುತ್ತಾರೆ, ಮುಚ್ಚಿಡುವುದಿಲ್ಲ.

ತಮ್ಮನ ಹೆಂಡತಿ ಪವಿತ್ರಾಗೆ ಈಗ ಏಳು ತಿಂಗಳು. ನಿಮ್ಮದೊಂದು ಆಸೆ ಹೇಳಿ ಎಂದರೆ ರೂಪಶ್ರೀ ಅರ್ಜಿಯ ಮಡಿಕೆಯನ್ನು ಉಗುರಿನಿಂದ ತೀಡುತ್ತಾರೆ.

"ದೊಡ್ಡದೇನಿಲ್ಲ ಕಣ್ರೀ. ಹೆಣ್ಣಾದ್ರೆ ಜಯಲಕ್ಷ್ಮಮ್ಮ ಅಂತ ಇಡು ಅಂದೆ. ಈ ಕಾಲ್ದಲ್ಲಿ ಯಾರಿಡ್ತಾರೆ ಅತ್ತಿಗೆ ಅಂತ ನಕ್ಕುದ್ಲು, ಆಮೇಲೆ ಒಪ್ಕೊಂಡ್ಲು." ಅರ್ಜಿ ಮತ್ತೆ ಚೀಲದ ತಳಕ್ಕೆ ಹೋಗುತ್ತದೆ. "ಇದಕ್ಕಿನ್ನು ಸಹಿ ಹಾಕಲ್ಲ ಬುಡಿ. ಅಮ್ಮ ಎಲ್ಲಿ ಅಂತ ಯಾರಾದ್ರೂ ಕೇಳುದ್ರೆ, ಒಳಗೆ ಮಲಗವ್ಳೆ ಅಂತೀನಿ."