ಉಂಡ ಮೇಲೆ ಹೇಳುವ ಮಾತು

ಕಾಲುವೆ ನೀರು ನಮ್ಮೂರ ಕಡೆ ಹೊಸದಾಗಿ ತಿರುಗಿದ ದಿನಗಳವು. ಶಹಾಪುರದಿಂದ ಕೆಂಭಾವಿಗೆ ಹೋಗುವ ದಾರಿಯಲ್ಲಿ ಒಳಗೆ ಸರಿದು ಕೂತ ಹಳ್ಳಿ ನಮ್ಮದು. ಅಲ್ಲಿಯವರೆಗೆ ಜೋಳ, ತೊಗರಿ ಬಿಟ್ಟರೆ ಬೇರೆ ಹಸಿರು ಕಾಣದ ನಾವು ಹುಡುಗಿಯರು ಸಾಲಿ ಬಿಟ್ಟ ಕೂಡಲೆ ಕಾಲುವೆ ದಂಡೆಗೆ ಓಡುತ್ತಿದ್ದೆವು. ನೀರಿಗೆ ಕಾಲು ಇಳಿಬಿಟ್ಟು ಆಣೆಕಲ್ಲು ಆಡುತ್ತಿದ್ದೆವು. ಹಸಿ ಎರೆಮಣ್ಣಿನ ವಾಸನೆ, ಭತ್ತದ ಸಸಿಯ ವಾಸನೆ, ಸಂಜೆಯಾದರೆ ಊರು ಕಿತ್ತುಹೋಗುವಂತೆ ಒದರುವ ಕಪ್ಪೆಗಳು. ಹಬ್ಬಕ್ಕೆ ಮಾತ್ರ ಅನ್ನ ಕಾಣುತ್ತಿದ್ದ ಮನೆಗಳಲ್ಲಿ ದಿನಾ ಅನ್ನ ಬೇಯತೊಡಗಿತ್ತು. ದೇವರು ಕೊಟ್ಟಿದ್ದನ್ನು ಇಲ್ಲವೆನ್ನಬಾರದು.

ಆದರೆ ನಮ್ಮದು ಕುರಿ ಸಾಕುವ ಮನೆ. ಸುಗ್ಗಿ ಮುಗಿದ ಮೇಲೆ ಖಾಲಿ ಬೀಳುತ್ತಿದ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ, ಹೊಲದವರು ಕೊಟ್ಟ ಕಾಳಿನಲ್ಲಿ ಬದುಕಿದವರು. ನೀರು ಬಂದ ಮೇಲೆ ಹೊಲ ಖಾಲಿ ಬೀಳುವುದೇ ನಿಂತಿತು. ಇದೆಲ್ಲ ಆಗುವಾಗ ಅಪ್ಪ ಊರಲ್ಲಿರಲಿಲ್ಲ. ನಾನು ಇನ್ನೂ ತೊದಲುವಾಗಲೇ ಅರಬರ ದೇಶಕ್ಕೆ ಹೋಗಿದ್ದ. ಅಲ್ಲಿಯೂ ಅದೇ ಕೆಲಸ, ಯಾರದೋ ಕುರಿ ಕಾಯುವುದು. ಹೊರಟಾಗ ಅವನ ತಾಯಿ, ನನ್ನ ಆಯಿ, ಅಂಗಳದಲ್ಲಿ ಕೂತು ಬೈದಿದ್ದಳಂತೆ.

"ಕುರಿ ಕಾಯಾಕ ವಿಮಾನ ಹತ್ತಬೇಕೇನೋ ಹುಚ್ಚಪ್ಪ? ಇಲ್ಲೇನು ಕುರಿ ಇಲ್ಲೇನು, ಬಾಲ ಇಲ್ಲೇನು?"

ಬೈಯುತ್ತಲೇ ಬುತ್ತಿ ಕಟ್ಟಿ, ಒಂದು ತುತ್ತು ಕಲಸಿ ಬಾಯಿಗಿಟ್ಟು ಕಳಿಸಿದ್ದಳಂತೆ. ಅದನ್ನು ಅವ್ವ ನನಗೆ ಹೇಳಿದ್ದು.

ಆಯಿ ಒಂದು ರಾತ್ರಿ ಅವ್ವನ ಕೈಯಿಂದ ನೀರು ಕುಡಿದು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ನರಳಲಿಲ್ಲ, ಯಾರ ಕೈಯಲ್ಲೂ ಹೇಸಿಗೆ ಬಳಿಸಿಕೊಳ್ಳಲಿಲ್ಲ. ಅದೊಂದು ಪುಣ್ಯ ಎಂದು ಈಗಲೂ ಎಣಿಸುತ್ತೇನೆ. ಹೊಲದ ಮೂಲೆಯ ಬೇವಿನ ಗಿಡದ ಬುಡಕ್ಕೆ ಮಣ್ಣು ಮಾಡಿದರು. ಮನೆಗೆ ಬಂದ ಮೇಲೆ ಅಪ್ಪನ ತಮ್ಮ ಮಾಳಪ್ಪ ಕಾಕಾ ಎಲ್ಲರ ಎದುರು ಹೇಳಿದ:

"ಅಣ್ಣಗ ತಿಳಿಸಬ್ಯಾಡ್ರಿ. ಬಿಟ್ಟು ಬರಾಕ ಆ ಮಾಲಕ ಬಿಡಂಗಿಲ್ಲ. ಆ ಉಸುಕಿನಾಗ ಒಬ್ಬನಽ ಅದಾನ. ಅಳಾಕ ಒಂದು ಹೆಗಲಿಲ್ಲ ಅವನಿಗೆ. ಬಂದ ಮ್ಯಾಲ ಹೇಳೋಣು."

ಅಂದಿನಿಂದ ಹೋದ ಪತ್ರಗಳಲ್ಲೆಲ್ಲ ಆಯಿ ಚೆನ್ನಾಗಿಯೇ ಇದ್ದಳು. ಹೀಗೆ ವರ್ಷದ ಮೇಲೆ ಕಳೆಯಿತು.

ನಮ್ಮ ಮನೆತನಗಳಲ್ಲಿ ಒಂದು ಪದ್ಧತಿಯಿತ್ತು. ಕುರಿ ಹಿಂದೆ ತಿಂಗಳುಗಟ್ಟಲೆ ಅಲೆಯುವ ಗಂಡಸರು. ಅವರು ಎಲ್ಲೋ ಇರುವಾಗ ಇಲ್ಲಿ ಯಾರೋ ಹೋಗಿಬಿಟ್ಟಿರುತ್ತಿದ್ದರು. ಹಾಗೆ ಹೊರಗಿನಿಂದ ಬಂದವನಿಗೆ ಸಾವಿನ ಸುದ್ದಿಯನ್ನು ಹಸಿದ ಹೊಟ್ಟೆಗೆ ಹೇಳಬಾರದು. ಅವನು ಕೈಕಾಲು ತೊಳೆದು ಹೊಟ್ಟೆ ತುಂಬ ಉಣ್ಣಬೇಕು, ನೀರು ಕುಡಿಯಬೇಕು. ಆಮೇಲೆ ಪಕ್ಕ ಕೂತು ಹೇಳಬೇಕು. ಕೇಳಿದ ಮೇಲೆ ಅವನು ಎಷ್ಟು ಹೊತ್ತು ಅನ್ನ ಮುಟ್ಟುವುದಿಲ್ಲವೋ ಯಾರಿಗೆ ಗೊತ್ತು? ಅಳುವುದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕು ಎನ್ನುತ್ತಿದ್ದರು ಹಿರಿಯರು.

ಅಪ್ಪ ಬೊಂಬಾಯಿಗೆ ಇಳಿದು, ಬರುತ್ತಿದ್ದೇನೆಂದು ತಾರು ಕಳಿಸಿದ. ಕಾಕಾ ಯಾದಗಿರಿ ಸ್ಟೇಷನ್ನಿಗೆ ಹೋದ. ಇತ್ತ ಅವ್ವ ಬೆಳಗಿನಿಂದ ಒಲೆಯ ಮುಂದೆ. ಆಯಿಯ ಕೋಲು, ಎಲೆಚೀಲ, ಹಾಸುತ್ತಿದ್ದ ಕಂಬಳಿ ಎಲ್ಲ ಅಟ್ಟಕ್ಕೆ ಹೋದವು. ಅತ್ತುಕೊಂಡು ಬರಲು ತಯಾರಾಗಿದ್ದ ಓಣಿಯ ಹೆಂಗಸರಿಗೆ ಪಕ್ಕದ ಮನೆಯ ಖಾಸೀಂಬಿ ಬಾಗಿಲಲ್ಲೇ ನಿಂತು ಗದರಿಸಿದಳು. "ಸಂಜಿ ತನಕ ಯಾರೂ ಇತ್ತ ಕಡಿ ಬರಬ್ಯಾಡ್ರಿ. ನಿಮ್ಮ ಕಣ್ಣೀರೇನು ಆರಿ ಹೋಗ್ತಾವೇನು? ಅವ ಮೊದಲು ಉಣ್ಲಿ."

ನನಗೂ ತಾಕೀತು ಬಿತ್ತು. ಅವ್ವ ಹಿಟ್ಟು ಹತ್ತಿದ ಕೈಯಿಂದಲೇ ನನ್ನ ಗದ್ದ ಹಿಡಿದಳು.

"ಆಯಿ ಸುದ್ದಿ ತಗೀಬ್ಯಾಡ. ಬಾಯಿ ಬಿಟ್ಟೀ ಅಂದ್ರ ನಿಮ್ಮಪ್ಪ ಉಪಾಸ ಬೀಳ್ತಾನ ನೋಡು."

ಮಧ್ಯಾಹ್ನದ ಬಸ್ಸಿಗೆ ಅಪ್ಪ ಬಂದ. ನನಗೆ ಅವನ ಮುಖದ ನೆನಪೇ ಇರಲಿಲ್ಲ. ಕಪ್ಪಗೆ ಸುಟ್ಟ ಮೈ, ಗಡ್ಡ, ಬಟ್ಟೆಗೆಲ್ಲ ಅತ್ತರಿನ ವಾಸನೆ. ಅವ್ವ ರೊಟ್ಟಿಯ ತುಣುಕು ನಿವಾಳಿಸಿ ಬಿಸಾಡಿ, ಕಾಲಿಗೆ ನೀರು ಹಾಕಿ ಒಳಗೆ ಕರೆದಳು. ಖಾಸೀಂಬಿ ತನ್ನ ಅಂಗಳದಿಂದಲೇ ಕೂಗಿದಳು.

"ಏನೋ ಬೀರಪ್ಪ, ಪೂರಾ ಶೇಖ್ ಆಗಿ ಬಂದೀಯಲ್ಲೋ! ನಮ್ಮ ಮಾತು ತಿಳೀತದೋ ಇಲ್ಲೋ?"

ಅಪ್ಪ ನಕ್ಕ. "ಮರ್ತೀನಿ ಖಾಲಾ. ಅಲ್ಲಿ ಮಾತಾಡಾಕ ಕುರಿ ಬಿಟ್ರ ಯಾರಿಲ್ಲ. ಅವೂ ಅರಬೀ ಕುರಿ."

ಎಲ್ಲರೂ ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಆಗಲೇ ತಪ್ಪಾಗಿ ಹೋಗಿತ್ತು. ಸ್ಟೇಷನ್ನಿನಲ್ಲಿ ಇಳಿದ ಕೂಡಲೆ ಅಪ್ಪ ಕೇಳಿದ್ದು ತನ್ನ ತಾಯಿಯನ್ನೇ, "ಅವ್ವ ಹೆಂಗದಾಳ?" ಕಾಕಾ ಗಾಬರಿಯಾಗಿ ಬಾಯಿಗೆ ಬಂದದ್ದು ಹೇಳಿದ್ದ: "ನಿನ್ನ ಹೆಸರಿಲೆ ಬೇಡ್ಕೊಂಡಿದ್ಲು, ಅಬ್ಬೆತುಮಕೂರು ಮಠಕ್ಕ ಕಾಯಿ ಒಡಸಾಕ ಹೋಗ್ಯಾಳ. ಸಂಜೀಕ ಬರ್ತಾಳ." ದಾರಿಯಲ್ಲಿ ನೆಮ್ಮದಿಯಾಗಿ ಬಂದು ಉಣ್ಣಲಿ ಎಂಬುದು ಅವನ ಲೆಕ್ಕ.

ಅಪ್ಪ ಪೆಟ್ಟಿಗೆ ಬಿಚ್ಚಿದ. ಸೋಪು, ಟಾರ್ಚು, ನನಗೆ ಮಿಂಚುವ ಫ್ರಾಕು. ಎಲ್ಲಕ್ಕಿಂತ ಕೆಳಗಿನಿಂದ ಹುಲಿಯ ಚಿತ್ರದ ದಪ್ಪ ಹೊದಿಕೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಇದು ಅವ್ವಗ. ಯಾರೂ ಮುಟ್ಟಬ್ಯಾಡ್ರಿ."

ಅವ್ವ ತಾಟು ತಂದಿಟ್ಟಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಪಡಸಾಲೆ ತುಂಬ ಹರಡಿತ್ತು. ಅಪ್ಪ ತಾಟಿನ ಮೇಲೆ ಬಗ್ಗಿ ದೀರ್ಘವಾಗಿ ಉಸಿರೆಳೆದುಕೊಂಡ. ಆಮೇಲೆ ತಾಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಅವ್ವ ಬರ್ಲಿ. ಹೋಗುವಾಗ ಆಕಿ ಕೈತುತ್ತು ತಿಂದು ಹೋಗೀನಿ. ಬಂದು ಮೊದಲ ತುತ್ತು ಆಕಿ ಕೈಲೆನೇ ತಿಂತೀನಿ. ಅಲ್ಲಿ ಉಸುಕಿನಾಗ ಕೂತು ಹಿಂಗಽ ಅಂದ್ಕೊಂಡಿದ್ದೆ."

ಅವ್ವ ಕಾಕಾನ ಮುಖ ನೋಡಿದಳು. ಕಾಕಾ ನೆಲ ನೋಡಿದ.

"ಬಸ್ಸು ತಡಾ ಆಗ್ತದ ಅಣ್ಣ. ಎರಡು ತುತ್ತು ಉಣ್ಣು."

"ಉಣ್ತೀನಿ ತಗೋ. ಇಷ್ಟು ವರ್ಷ ಕಾದವಗ ಒಂದು ಸಂಜಿ ಏನು ದೊಡ್ಡದು?"

"ರೈಲಿನಾಗ ಏನು ತಿಂದೀರೋ ಏನೋ," ಎಂದಳು ಅವ್ವ.

"ಏನೂ ತಿಂದಿಲ್ಲ. ಬೊಂಬಾಯಿ ಬಿಟ್ಟಾಗಿಂದ ಬರೀ ಚಹಾ. ಹಸದ ಹೊಟ್ಟಿಲೆ ಅವ್ವನ ಮುಂದ ಕೂಡಬೇಕು ಅಂತ."

ಅವ್ವ ಸೆರಗು ಬಾಯಿಗೊತ್ತಿಕೊಂಡು ಒಲೆಯ ಕಡೆ ತಿರುಗಿದಳು. ಉಣ್ಣದೆ ಹೇಳುವಂತಿಲ್ಲ, ಹೇಳದೆ ಅವನು ಉಣ್ಣುವುದಿಲ್ಲ. ಕಾಕಾ ಎದ್ದು ಬಾಗಿಲಿಗೆ ಹೋದ, ಬಂದ, ಮತ್ತೆ ಹೋದ. ಅವ್ವ ತಣ್ಣಗಾದ ರೊಟ್ಟಿ ತೆಗೆದು ಬಿಸಿ ರೊಟ್ಟಿ ಹಾಕಿದಳು. ಅದೂ ತಣ್ಣಗಾಯಿತು. ಖಾಸೀಂಬಿ ಸಕ್ಕರೆ ಹಾಕಿದ ಹಾಲು ತಂದು, "ಇದನ್ನರೆ ಕುಡಿಯೋ ಬೇಟಾ," ಎಂದು ಅಂಗಲಾಚಿದಳು. ಅಷ್ಟು ಬಾಯಿಜೋರಿನ ಹೆಂಗಸು ಹಾಗೆ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲವೆಂದು ತೋರುತ್ತದೆ. ಲೋಟ ಕೈಗೆ ತೆಗೆದುಕೊಳ್ಳದೆ ಅವಳನ್ನೇ ನೋಡಿದ.

ಆಮೇಲೆ ಕಂಬದ ಹಿಂದೆ ನಿಂತಿದ್ದ ನನ್ನನ್ನು ಕರೆದ.

"ಬಾ ಇಲ್ಲಿ ಯವ್ವ. ಅಂಜಬ್ಯಾಡ. ಆಯಿ ಎಲ್ಲಿಗಿ ಹೋಗ್ಯಾಳ?"

ನಾನು ಅವ್ವನ ಕಡೆ ನೋಡಿದೆ. ಅವಳು ತಿರುಗಲಿಲ್ಲ. ಸುಳ್ಳು ಹೇಳಿದರೆ ದೇವರು ಕಣ್ಣು ಕೀಳುತ್ತಾನೆ ಎಂದು ಆಯಿಯೇ ಹೇಳಿಕೊಟ್ಟಿದ್ದಳು. ನಿಜ ಹೇಳಿದರೆ ಈ ಹಸಿದ ಮನುಷ್ಯ ಉಪವಾಸ ಬೀಳುತ್ತಾನೆ. ನಾನು ಅವನ ಮುಂದೆ ಕೂತು ತಾಟನ್ನು ಅವನತ್ತ ತಳ್ಳಿದೆ.

"ಅಪ್ಪ, ಮೊದಲು ಉಣ್ಣು."

ಅದನ್ನು ಕೇಳಿ ಅಪ್ಪನ ಮುಖದಲ್ಲಿದ್ದ ನಗು ಇದ್ದ ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. ಅವನು ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನು. ಬಾಗಿಲಲ್ಲಿ ನಿಂತ ತಮ್ಮನನ್ನು ನೋಡಿದ, ಅವ್ವನ ಬೆನ್ನು ನೋಡಿದ, ಖಾಸೀಂಬಿಯ ಕೈಯಲ್ಲಿನ ಹಾಲು ನೋಡಿದ. ಮೊಣಕಾಲ ಮೇಲಿನ ಹೊದಿಕೆಯನ್ನು ತೆಗೆದು ಗೋಡೆಗೆ ಸರಿಸಿಟ್ಟ.

"ಆತು ಯವ್ವ. ಉಣ್ತೀನಿ."

ರೊಟ್ಟಿ ಮುರಿದ. ಪಲ್ಯ ಹಚ್ಚಿ ಬಾಯಿಗಿಟ್ಟ. ಅಗಿದ, ನುಂಗಿದ. ಒಂದು ರೊಟ್ಟಿ ಮುಗಿಸಿ, "ಇನ್ನೊಂದು ಹಾಕು," ಎಂದ. ಅವ್ವ ಹಾಕಿದಳು. ಅಪ್ಪನ ಕಣ್ಣಿನಿಂದ ನೀರು ಗಡ್ಡಕ್ಕಿಳಿದು ತಾಟಿಗೆ ಬೀಳುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ, ತುತ್ತು ನಿಲ್ಲಿಸಲಿಲ್ಲ. ಮೊಸರನ್ನೂ ಉಂಡ. ನೀರು ಕುಡಿದ. ತಾಟಿನಲ್ಲೇ ಕೈ ತೊಳೆದು, ಟವೆಲಿಗೆ ಒರೆಸಿಕೊಂಡು, ಆಮೇಲೆ ಕೇಳಿದ:

"ಯಾವಾಗ?"

ಕಾಕಾ ಓಡಿ ಬಂದು ಅವನ ಕಾಲಿನ ಮೇಲೆ ಬಿದ್ದ. "ಹೋದ ವರ್ಷ ಅಣ್ಣ, ಹೋದ ವರ್ಷ ಕಾರ್ತೀಕದಾಗ! ನೀ ಒಬ್ಬನಽ ಇದ್ದಿ ಅಂತ..."

ಅಪ್ಪ ಅವನ ತಲೆಯ ಮೇಲೆ ಕೈಯಿಟ್ಟ. "ಅಪ್ಪ ಸತ್ತಾಗ ನಾ ಕುರಿ ಹಿಂದ ಇದ್ದೆ. ಅವ್ವ ನನಗ ಹಿಂಗಽ ಮೊದಲು ಉಣ್ಣಿಸಿದ್ಲು. ಉಣ್ಣಲಿಲ್ಲ ಅಂದ್ರ ಆಕಿ ಸಿಟ್ಟಾಗ್ತಿದ್ಲು." ಇಷ್ಟು ಹೇಳುವವರೆಗೆ ದನಿ ಗಟ್ಟಿಯಿತ್ತು. ಮುಂದೆ ಅವನು ಅತ್ತದ್ದನ್ನು ನಾನು ಬರೆಯಲಾರೆ. ಆಗ ಓಣಿಯ ಹೆಂಗಸರೆಲ್ಲ ಬಂದರು.

ಹೊತ್ತು ಇಳಿಯುವ ಮುಂದೆ ಹೊಲಕ್ಕೆ ಹೋದೆವು. ಅಪ್ಪ ನಮ್ಮ ಹೊಲ ದಾಟಿ ಹೋಗುತ್ತಿದ್ದ. ಎಲ್ಲ ಕಡೆ ಒಂದೇ ಹಸಿರು, ಗುರುತು ಸಿಗಲಿಲ್ಲ ಅವನಿಗೆ. ನಾನೇ ಅಂಗಿ ಜಗ್ಗಿ ನಿಲ್ಲಿಸಿದೆ. ಬೇವಿನ ಗಿಡದ ಬುಡದಲ್ಲಿ ಕೂತು, ಅಂದು ಮಗನಾಗಿ ಹಾಕಬೇಕಾಗಿದ್ದ ಹಿಡಿಮಣ್ಣು ಹಾಕಲು ಕೈ ತುಂಬ ಮಣ್ಣೆತ್ತಿದ. ಕಾಲುವೆ ನೀರು ಬಸಿದು ನೆಲವೆಲ್ಲ ಕೆಸರು. ಎರೆಮಣ್ಣು ಅಂಗೈಗೆ ಅಂಟಿಕೊಂಡಿತು, ಬೀಳಲಿಲ್ಲ. ಕೊಡವಿದ, ಬೀಳಲಿಲ್ಲ. ಕೊನೆಗೆ ಇನ್ನೊಂದು ಕೈಯಿಂದ ಕೆರೆದು ಕೆರೆದು ಹಾಕಿದ.

ಅಪ್ಪ ಮತ್ತೆ ಆ ದೇಶಕ್ಕೆ ಹೋಗಲಿಲ್ಲ. ಕುರಿ ಮಾತ್ರ ಮತ್ತೆ ಆಗಲಿಲ್ಲ, ಮೇಯಿಸಲು ಜಾಗವೆಲ್ಲಿತ್ತು? ಇರುವ ತುಂಡು ಹೊಲ ನೋಡಿಕೊಂಡು ನಮ್ಮೊಂದಿಗೆ ಇದ್ದ. ನನ್ನ ಮದುವೆಯಲ್ಲಿ ಅವನ ಕೈಯಿಂದಲೇ ಅಕ್ಷತೆ ಬಿತ್ತು. ಬೇಡಿದ್ದಕ್ಕಿಂತ ಹೆಚ್ಚೇ ಕೊಟ್ಟ ದೇವರು.

ಈಗ ಊರಿನಲ್ಲಿ ಕುರಿಯೂ ಇಲ್ಲ, ಕಾದು ಉಣ್ಣಿಸುವವರೂ ಇಲ್ಲ. ಸಾವು ಫೋನಿನಲ್ಲಿ ಬರುತ್ತದೆ, ಉಣ್ಣುವವರ ಎಡಗೈಗೆ. ಅಪ್ಪ ಹೋದ ಸುದ್ದಿಯೂ ನನಗೆ ಹಾಗೇ ಬಂತು. ಸೈದಾಪುರದ ನನ್ನ ಗಂಡನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕಾಕಾನ ಮಗ ಫೋನು ಮಾಡಿ, "ಅಕ್ಕಾ, ದೊಡ್ಡಪ್ಪ ಹೋದ್ರು, ಲಗೂನ ಬಾ," ಎಂದು ಇಟ್ಟುಬಿಟ್ಟ. ಅವನ ತಪ್ಪೇನಿಲ್ಲ. ಹತ್ತು ಕಡೆ ತಿಳಿಸಬೇಕಿತ್ತು ಪಾಪ. ಬೆಳಗಿನಿಂದ ನಾನು ನೀರೂ ಮುಟ್ಟಿರಲಿಲ್ಲ. ಸೋಮವಾರ, ಪೂಜೆ ಮುಗಿಸಿ ಉಣ್ಣುವ ರೂಢಿ. ಒಲೆ ಆರಿಸಿದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಅಪ್ಪ ಇದ್ದಿದ್ದರೆ ಮೊದಲು ಉಣ್ಣು ಎನ್ನುತ್ತಿದ್ದ ಎಂದುಕೊಂಡು ಒಂದು ರೊಟ್ಟಿ ಮುರಿದು ಬಾಯಿಗಿಟ್ಟೆ. ಎಷ್ಟು ಅಗಿದರೂ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಅಂಗಳಕ್ಕೆ ಹೋಗಿ ಉಗುಳಿ ಬಂದೆ.

ಎಲ್ಲ ತಿಳಿದ ಮೇಲೂ ಅವನು ಅಂದು ಎರಡು ರೊಟ್ಟಿ ಹೇಗೆ ನುಂಗಿದನೋ!