ಬೂಟಿನೊಳಗಿನ ಬೂಟು

ಬೂಟು ಹೊಲಿಯುವ ಮಿಯಾವ್ ಗೆನ್ ನನ್ನ ಹಬೆರೊಟ್ಟಿ ಅಂಗಡಿಯ ಪಕ್ಕದಲ್ಲೇ ಇಪ್ಪತ್ತು ವರ್ಷ ಬಾಳಿದ. ಗಡಿಯ ಯುದ್ಧ ಮುಗಿಸಿಕೊಂಡು ಬಂದ ಹಳೇ ಸಿಪಾಯಿ. ಮಾತಾಡಿದರೆ ಮುತ್ತು ಉದುರಿಹೋಗುತ್ತದೆ ಅನ್ನುವ ಆಸಾಮಿ. ಬೆಳಗ್ಗೆ ನವಣೆ ಗಂಜಿ ಕುಡಿದು ಸೂಜಿ ಹಿಡಿದರೆ ಸಂಜೆಯವರೆಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಸೇನಾಪತಿ ಷೆನ್ ಅವರ ಬೂಟು ಹೊಲಿಯುವಾಗಂತೂ ಬಾಗಿಲು ಹಾಕಿಕೊಳ್ಳುತ್ತಿದ್ದ. “ಒಳಗೇನು ಚಿನ್ನ ಕರಗಿಸ್ತಾನಾ?” ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಿದ್ದಳು.

ಗುಟ್ಟು ನಮಗೆ ತಿಳಿದದ್ದು ಸೇನಾಪತಿಗಳು ಊರು ಬಿಡುವ ಕೆಲವು ದಿನ ಮುಂಚೆ. ಗಡಿಯಲ್ಲಿ ಗೆದ್ದು ಬಂದ ಮೇಲೆ ನಮ್ಮ ಪ್ರಾಂತ್ಯವನ್ನು ಆಳಿ, ಕಾಲುವೆ ತೋಡಿಸಿ, ಉಪ್ಪಿನ ಸುಂಕ ಇಳಿಸಿದ ಪುಣ್ಯಾತ್ಮರು ಅವರು. ಈಗ ಚಕ್ರವರ್ತಿ ಮಂತ್ರಿಪದವಿಗೆ ಕರೆಸಿಕೊಂಡಿದ್ದರು. ಒಳ್ಳೆಯ ಅಧಿಕಾರಿ ಹೊರಟು ನಿಂತರೆ ಊರವರೇ ಅವರ ಬೂಟು ಬಿಚ್ಚಿಕೊಂಡು ಕೋಟೆ ಬಾಗಿಲಿಗೆ ನೇತುಹಾಕುವುದು ನಮ್ಮ ಕಡೆಯ ರೂಢಿ. ಎಲ್ಲರೂ ಅದೇ ಸಡಗರದಲ್ಲಿದ್ದರೆ ಗೆನ್ ಮಾತ್ರ ಮುಖ ಸಪ್ಪಗೆ ಮಾಡಿಕೊಂಡು ನನ್ನ ಹಿಟ್ಟಿನ ಹಲಗೆಯ ಮುಂದೆ ಬಂದು ಕೂತ.

“ಫಾನ್ ಅಣ್ಣ, ಅವರ ಬಲಗಾಲಲ್ಲಿ ಬೆರಳೇ ಇಲ್ಲ,” ಅಂದ. “ಆವತ್ತು ಗಡಿ ಯುದ್ಧದಲ್ಲಿ ಹಿಮದಾಗೆ ಗಾಯ ಆಗಿ ಬಿದ್ದಿದ್ದೆ. ತಮ್ಮ ಕುದುರೆ ಮೇಲೆ ನನ್ನ ಹಾಕಿ ತಾವು ನಡೆದ್ರು. ಚಳಿಗೆ ಬೆರಳು ಕೊಳೆತು ಹೋದ್ವು. ಬೂಟಿನ ಮುಂದುಗಡೆ ಉಣ್ಣೆ ತುಂಬಿ ಹೆಂಗೋ ನಡೆಸ್ಕೊಂಡು ಬಂದಿದೀನಿ.”

“ಅದಕ್ಯಾಕೋ ಮುಚ್ಚುಮರೆ? ಡಂಗುರ ಹೊಡೆಸೋ ವಿಷಯ ಅಲ್ವೇನೋ ಅದು!”

“ಕಾಲು ಊನ ಅಂತ ಗೊತ್ತಾದ್ರೆ ದರ್ಬಾರಿಗೆ ಸೇರಿಸಲ್ವಂತೆ. ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡಿದಾರೆ. ನಿಮ್ಮಿಂದ ಬದುಕ್ದೆ ದಣಿ ಅಂತ ನಾಕು ಜನರ ಮುಂದೆ ಒಂದು ಸಲಾನೂ ಅಂದಿಲ್ಲ ಅಣ್ಣ. ಈಗ ನೋಡು, ಜನ ಬೂಟು ಬಿಚ್ಚಿದ್ರೆ ನನ್ನಿಂದಾನೇ ಅವರ ಪದವಿ ಹೋಗತ್ತೆ.”

ಒಳಗಿದ್ದ ನನ್ನ ಹೆಂಡತಿ ಕೂಗಿದಳು: “ಅಯ್ಯೋ ಪೆದ್ದೇ, ಬೂಟಿನ ಮೇಲೊಂದು ದೊಡ್ಡ ಬೂಟು ಹೊಲಿ! ಜನ ಮೇಲಿಂದು ಕಿತ್ಕೊಳ್ಳಲಿ.”

ಗೆನ್ ಹಾಗೇ ಮಾಡಿದ. ಹೊರಡುವ ಬೆಳಗ್ಗೆ ಸೇನಾಪತಿಗಳು ಬೂಟಿನ ಮೇಲೆ ಬೂಟು ತೊಟ್ಟು ಬಾತುಕೋಳಿಯ ಹಾಗೆ ನಡೆದು ಬಂದು ಪೀಠದ ಮೇಲೆ ಕೂತರು. ಕರೆದೊಯ್ಯಲು ಬಂದಿದ್ದ ರಾಜಧಾನಿಯ ಅಧಿಕಾರಿ ಪಕ್ಕದಲ್ಲೇ ನಿಂತಿದ್ದ. ತೋಫು ಮಾರುವ ಅಜ್ಜಿ ಯಾರನ್ನೂ ಹತ್ತಿರ ಬಿಡದೆ ತಾನೇ ಎಡಗಾಲು ಹಿಡಿದಳು. ಬೂಟು ಸಲೀಸಾಗಿ ಬಂತು. ಒಳಗೆ ಇನ್ನೊಂದು!

“ಇದೇನ್ ದಣಿ, ಈರುಳ್ಳಿ ತರ ಸುಲಿದಷ್ಟೂ ಸಿಪ್ಪೆ?” ಅಂದಳು. ಜನ ಬಿದ್ದು ಬಿದ್ದು ನಕ್ಕರು.

ಬಲಗಾಲಿನದು ಮಾತ್ರ ಜಗ್ಗಲಿಲ್ಲ. ನಡೆಯುವಾಗ ಜಾರದಿರಲೆಂದು ಗೆನ್ ಒಳಬೂಟಿಗೂ ಹೊರಬೂಟಿಗೂ ಸೇರಿಸಿ ಎರಡು ಹೊಲಿಗೆ ಹಾಕಿದ್ದ. ಪ್ರೀತಿ ಹೆಚ್ಚಾದರೆ ಬುದ್ಧಿ ಮಂಕಾಗುತ್ತದೆ, ಏನು ಮಾಡುವುದು! ಅಜ್ಜಿ ಕಾಲೂರಿ ಎಳೆದಳು. ಎರಡೂ ಬೂಟು ಒಟ್ಟಿಗೇ ಕಿತ್ತುಬಂದು ಉಣ್ಣೆಯ ಉಂಡೆ ನೆಲಕ್ಕೆ ಬಿತ್ತು. ಮೊಂಡುಗಾಲು ಎಲ್ಲರಿಗೂ ಕಂಡಿತು. ನಗು ನಿಂತುಹೋಯಿತು.

ಗೆನ್ ಜನರನ್ನು ನೂಕಿಕೊಂಡು ಬಂದು ಆ ಕಾಲನ್ನು ಎರಡೂ ಕೈಯಿಂದ ಮುಚ್ಚಿಕೊಂಡ.

“ಇದು ಊನ ಅಲ್ಲ ದಣಿ!” ಎಂದು ಅಧಿಕಾರಿಯ ಕಡೆ ತಿರುಗಿ ಕೂಗಿದ. “ಇದು ನನ್ನ ಜೀವ! ಕುದುರೆ ನನಗೆ ಕೊಟ್ಟು ಹಿಮದಾಗೆ ನಡೆದ ಕಾಲು. ನನ್ನ ಹೆಂಡ್ತಿ, ನನ್ನ ಮಗಳು, ತಿಂದ ಒಂದೊಂದು ತುತ್ತೂ ಇವರು ಕೊಟ್ಟಿದ್ದು.”

“ನಿಜವೇ?” ಎಂದ ಅಧಿಕಾರಿ.

“ನಿಜ,” ಎಂದರು ಸೇನಾಪತಿಗಳು. “ಬೆರಳು ಹೋಯ್ತು, ಮನುಷ್ಯ ಉಳಿದ. ನಂಗೇನೂ ನಷ್ಟ ಆಗಿಲ್ಲ.”

ಅಧಿಕಾರಿ ಆ ಕಾಲಿನಿಂದ ಮುಖ ತಿರುಗಿಸಿಕೊಂಡ. “ಚಕ್ರವರ್ತಿಗಳ ಮುಂದೆ ಯಾರೂ ಬೂಟು ಬಿಚ್ಚುವುದಿಲ್ಲ. ನಾನಂತೂ ಏನೂ ಕಂಡಿಲ್ಲ,” ಎಂದು ಕುದುರೆಗಳ ಕಡೆಗೆ ನಡೆದುಬಿಟ್ಟ. ಅವನ ಹೊಟ್ಟೆ ತಣ್ಣಗಿರಲಿ.

ಗೆನ್ ಅಳುತ್ತಲೇ ಇದ್ದ. ಸೇನಾಪತಿಗಳು ಅವನ ತಲೆಯ ಮೇಲೆ ಕೈಯಿಟ್ಟರು.

“ಹೇಳೋದು ಇನ್ನೂ ಇದೆಯೇನೋ?”

“ಬೇಕಾದಷ್ಟಿದೆ ದಣಿ.”

“ಹೇಳು. ಆದ್ರೆ ಮೊದಲು ಬೂಟು ಹಾಕು, ಕಾಲು ಮರಗಟ್ತಿದೆ.”

ಗೆನ್ ಹೊಲಿಗೆ ಬಿಚ್ಚಿ, ಉಣ್ಣೆ ತುಂಬಿ, ಒಳಬೂಟನ್ನು ಮೆಲ್ಲಗೆ ತೊಡಿಸಿದ. ತೊಡಿಸುತ್ತಾ ಹೇಳಿದ, ತೊಡಿಸಿದ ಮೇಲೂ ಹೇಳಿದ. ಪಲ್ಲಕ್ಕಿ ಕಾಯುತ್ತಿತ್ತು. ಸೇನಾಪತಿಗಳು ಪೂರ್ತಿ ಕೇಳಿಯೇ ಎದ್ದರು.